ಕಾಲು ತಾಗಿದ್ದಕ್ಕೆ

ನಾನು ಮುಖ ಮುಟ್ಟಿಕೊಂಡಿರಲಿಲ್ಲ. ಬೇಕಾದರೆ ಅಪ್ಪನ ಆಣೆ ಹಾಕಿ ಹೇಳಲು ತಯಾರಿದ್ದೆ. ಆದರೆ ಆ ದೇಶದಲ್ಲಿ ನಮ್ಮಪ್ಪನ ಆಣೆಯನ್ನು ನಂಬುವವರು ಯಾರಿದ್ದರು?

“ಮುಟ್ಕೊಂಡ್ರಿ,” ಎಂದರು ಗಾಜಿನ ಮೇಡಂ. “ಕನ್ನಡಕದ ಹತ್ರ. ಗ್ಲೌಸ್ ಹಾಕಿದ್ದ ಕೈಯಿಂದಾನೇ.”

“ಇಲ್ಲ ಮೇಡಂ.”

“ನಾನು ನೋಡ್ದೆ.”

“ನನ್ನ ಮುಖ ಮೇಡಂ. ಮುಟ್ಟಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?”

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಏನೋ ಕೇಳಲು ಬಾಯಿ ತೆರೆದವರು ಕೇಳದೆಯೇ ಮುಚ್ಚಿಕೊಂಡರು. “ಇನ್ನೊಂದು ಅವಕಾಶ ಇದೆಯಲ್ಲ, ಅಭ್ಯಾಸ ಮಾಡಿ,” ಎಂದು ಹೇಳಿ ಹೊರಟುಹೋದರು. ನಾನು ಇಂಗು ತಿಂದ ಮಂಗನ ಹಾಗೆ ಅಲ್ಲೇ ನಿಂತೆ. ಇದು ಎರಡನೆಯ ಸಲ ನಾನು ಫೇಲಾದದ್ದು, ಎರಡು ಸಲವೂ ಅದೇ ಕಾರಣಕ್ಕೆ.

ಅವರೇನೂ ಕನ್ನಡದಲ್ಲಿ ಮಾತಾಡಿದವರಲ್ಲ ಎಂದು ಬೇರೆ ಹೇಳಬೇಕಿಲ್ಲ. ಅವರ ಭಾಷೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಸಂಬೋಧನೆ. ಆದರೂ ಮೇಡಂ ಆಡಿದ್ದು ನನ್ನ ಕಿವಿಗೆ ‘ನೀವು’ ಎಂದೇ ಬೀಳುತ್ತಿತ್ತು, ಜೊತೆಯ ಹುಡುಗ ಆಡಿದ್ದು ‘ನೀನು’ ಎಂದೇ. ಹಾಗಾಗಿ ನನಗೆ ಕೇಳಿಸಿದ ಹಾಗೆಯೇ ಹೇಳುತ್ತಿದ್ದೇನೆ. ಮೇಡಂ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ನನ್ನ ಅಮ್ಮನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳಬೇಕಲ್ಲ? ಎದುರಿಗೆ ಮೇಡಂ ಎಂದೇ ಕರೆದೆ. ಹಿಂದಿನಿಂದ ಗಾಜಿನ ಮೇಡಂ ಎಂದೆ, ಏಕೆಂದರೆ ನಾವು ಒಳಗೆ ಕೆಲಸ ಮಾಡುವಾಗ ಅವರು ಗಾಜಿನ ಗೋಡೆಯ ಆಚೆ ನಿಂತು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ನಾನು ಹೋದದ್ದು ಔಷಧಿ ತಯಾರಿಕೆಯ ಮೇಲ್ಮಟ್ಟದ ಓದಿಗೆ. ರೋಗಿಯ ರಕ್ತಕ್ಕೆ ನೇರವಾಗಿ ಸೇರುವ ಔಷಧಿಯನ್ನು ಎಲ್ಲೆಂದರಲ್ಲಿ ಬೆರೆಸುವಂತಿಲ್ಲ. ಅದಕ್ಕೆಂದೇ ಒಂದು ಶುದ್ಧ ಕೋಣೆ. ಒಳಗೆ ಹೋಗುವ ಮೊದಲು ಬಳೆ, ಓಲೆ, ಗಡಿಯಾರ ಎಲ್ಲ ಬಿಚ್ಚಿಡಬೇಕು. ಕೂದಲ ಒಂದು ಎಳೆಯೂ ಕಾಣದಂತೆ ಟೋಪಿ, ಬೂಟಿನ ಮೇಲೆ ಚೀಲ, ಬಾಯಿಗೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ, ಮೊಣಕೈವರೆಗೂ ತಿಕ್ಕಿ ತೊಳೆದು ಗೌನು, ಕೊನೆಗೆ ಗ್ಲೌಸು. ಮದುವೆ ಹೆಣ್ಣಿಗೂ ಇಷ್ಟು ಹೊತ್ತು ಸಿಂಗಾರ ಮಾಡುವುದಿಲ್ಲ. ಅಷ್ಟಾದ ಮೇಲೆ ಶುದ್ಧ ಗಾಳಿ ಬೀಸುವ ಮೇಜಿನ ಮುಂದೆ ಕೂತು, ಸಣ್ಣ ಬಾಟಲಿಯಿಂದ ಸಿರಿಂಜಿಗೆ ಎಳೆದು ದೊಡ್ಡ ಚೀಲಕ್ಕೆ ಸೇರಿಸಬೇಕು. ಕೈ ಗೌನಿಗೋ ಮೇಜಿನ ಅಂಚಿಗೋ ತಾಗಿದರೆ ಸ್ಪಿರಿಟ್ ಹಚ್ಚಿಕೊಂಡು ಮುಂದುವರಿಯಬಹುದು. ಮುಖಕ್ಕೆ ತಾಗಿದರೆ ಮಾತ್ರ ಕ್ಷಮೆಯಿಲ್ಲ. ಆಗಿಂದಾಗ ತಡೆಯುವುದೂ ಇಲ್ಲ, ಕೆಲಸ ಪೂರ್ತಿ ಮಾಡಿಸಿ ಹೊರಗೆ ಬಂದ ಮೇಲೆ ಫೇಲ್ ಎನ್ನುತ್ತಾರೆ.

ಪರೀಕ್ಷೆಯಲ್ಲಿ ಕೊಡುತ್ತಿದ್ದದ್ದು ನಿಜವಾದ ಔಷಧಿಯಲ್ಲ, ತಿಳಿಸಾರಿನಂಥ ಒಂದು ದ್ರವ. ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕ್ರಿಮಿ ಸೇರಿದ್ದರೆ ಕದಡುತ್ತದೆ. ನನ್ನದು ಎರಡು ಸಲವೂ ಕದಡಿರಲಿಲ್ಲ! ತಿಳಿಯಾಗಿ ಫಳಫಳ ಹೊಳೆಯುತ್ತಿತ್ತು. ಆದರೂ ಫೇಲು. ಮೂರನೆಯ ಸಲವೂ ಫೇಲಾದರೆ ಆ ಓದಿನಿಂದಲೇ ಹೊರಗೆ, ಗಂಟುಮೂಟೆ ಕಟ್ಟಿಕೊಂಡು ಸೀದಾ ಮನೆಗೆ.

ಮನೆ ಎಂದರೆ ಅಪ್ಪನ ಔಷಧಿ ಅಂಗಡಿ ಮತ್ತು ಅದರ ಹಿಂದಿನ ಎರಡು ಕೋಣೆ. ನಾನು ಹುಟ್ಟಿದಾಗಿನಿಂದ ರಟ್ಟಿನ ಪೆಟ್ಟಿಗೆಗಳ ನಡುವೆ ಬೆಳೆದವಳು. ನಾನು ವಿಮಾನ ಹತ್ತಿದ ದಿನದಿಂದ ಅಪ್ಪ ಕೆಮ್ಮಿನ ಸಿರಪ್ಪಿಗೆ ಬಂದವರಿಗೂ ನನ್ನ ಸುದ್ದಿಯನ್ನು ಒಂದು ಚಮಚ ಕುಡಿಸಿಯೇ ಕಳಿಸುತ್ತಿದ್ದರು. “ಡಾಕ್ಟರು ಬರೆದುಕೊಡೋದನ್ನ ನಾನು ಮಾರ್ತೀನಿ, ನನ್ನ ಮಗಳು ಅದನ್ನ ತಯಾರು ಮಾಡ್ತಾಳೆ,” ಎನ್ನುವುದು ಅವರ ಹೊಸ ಮಾತು. ಮುಖ ಮುಟ್ಟಿಕೊಂಡದ್ದಕ್ಕೆ ವಾಪಸ್ ಕಳಿಸಿದರು ಎಂದು ಆ ಮನುಷ್ಯನಿಗೆ ಹೇಗೆ ಹೇಳಲಿ?

ಮೊದಲೇ ಆ ಊರಲ್ಲಿ ನನ್ನ ತಲೆ ನೆಟ್ಟಗಿರಲಿಲ್ಲ. ಗ್ರಂಥಾಲಯದ ಕೋಣೆಯಲ್ಲಿ ಓದುತ್ತ ಕೂತರೆ ದೀಪ ತಾನಾಗಿಯೇ ಆರುತ್ತಿತ್ತು. ಅಲ್ಲಾಡದೆ ಕೂತರೆ ಒಳಗೆ ಯಾರೂ ಇಲ್ಲ ಎಂದು ಅದರ ಲೆಕ್ಕ. ಒಂದು ಪುಟ ಓದುವುದು, ಎರಡೂ ಕೈ ಮೇಲೆತ್ತಿ ಬೀಸುವುದು, ಮತ್ತೆ ಒಂದು ಪುಟ. ನಾನಿದ್ದೇನೆ ಮಾರಾಯರೇ ಎಂದು ದೀಪಕ್ಕೆ ಅರ್ಜಿ ಹಾಕಿಕೊಂಡು ಓದಿದವಳು ನಾನು. ಕಸದ ಡಬ್ಬಿಗಳಿಗೆ ಬೇರೆ ಬೇರೆ ಬಣ್ಣ, ಬಾಳೆಹಣ್ಣಿನ ಸಿಪ್ಪೆಯನ್ನು ಯಾವುದಕ್ಕೆ ಹಾಕುವುದೆಂದು ತಿಳಿಯದೆ ಚೀಲದಲ್ಲೇ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಓಡಾಡಿದ್ದೇನೆ. ಎದುರಿಗೆ ಬಂದವರೆಲ್ಲ ನಕ್ಕು ತಲೆಯಾಡಿಸುತ್ತಿದ್ದರು. ಪರಿಚಯವಾಯಿತು ಎಂದುಕೊಂಡು ಮಾರನೆಯ ದಿನ ಮಾತಾಡಿಸಿದರೆ, ಯಾರಿವಳು ಎನ್ನುವ ಹಾಗೆ ನೋಡುತ್ತಿದ್ದರು. ಇಷ್ಟರ ನಡುವೆ, ನನ್ನ ಮುಖದ ಮೇಲೆ ನನ್ನದೇ ಕೈ ಓಡಾಡುತ್ತದೆ, ಅದೂ ನನಗೆ ಗೊತ್ತಿಲ್ಲದೆ, ಎಂದರೆ ಯಾರಿಗೆ ತಲೆ ಕೆಡುವುದಿಲ್ಲ?

ಮೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಇನ್ನೊಂದು ದೂರದೇಶದ ಹುಡುಗ. ಅವನಿಗೆ ನಾನಿಟ್ಟ ಹೆಸರು ಏಣಿ. ನಿಂತರೆ ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಮೇಜಿನ ಕೆಳಗೆ ಅವನ ಕಾಲುಗಳಿಗೆ ಜಾಗವೇ ಸಾಲದೆ ಒಂದು ಆ ಕಡೆ, ಒಂದು ನನ್ನ ಕಡೆ ಚಾಚಿಕೊಂಡಿರುತ್ತಿತ್ತು. ನನ್ನ ಕಾಲಿಗೆ ಆಗಾಗ ತಾಗುತ್ತಿತ್ತು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮಾತು ಕಡಿಮೆ, ಕೆಲಸದಲ್ಲಿ ಶ್ರದ್ಧೆ. ಆ ಭಾಷೆ ಅವನಿಗೂ ನನ್ನಷ್ಟೇ ಬರುತ್ತಿದ್ದದ್ದು, ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಮೊದಲ ಸಲವೇ ಪಾಸಾಗಿದ್ದ. ಉಳಿದವರಿಗೆ ಜೊತೆಗಾರರಾಗಿ ಕೂರಲು ಒಬ್ಬರು ಬೇಕೆಂದಾಗ ತಾನೇ ಮುಂದೆ ಬಂದು ಮತ್ತೆ ನನ್ನ ಪಕ್ಕದಲ್ಲೇ ಕೂತಿದ್ದ.

ಎರಡನೆಯ ಸಲ ಫೇಲಾದ ದಿನ ಕ್ಯಾಂಟೀನಿನಲ್ಲಿ ಅವನನ್ನು ಹಿಡಿದುಕೊಂಡೆ.

“ನಿಜ ಹೇಳು. ನಾನು ಮುಖ ಮುಟ್ಕೊಂಡ್ನಾ?”

“ನಾನು ನೋಡಿಲ್ಲ. ನನ್ನ ಕಣ್ಣೆಲ್ಲ ನನ್ನ ಬಾಟ್ಲಿ ಮೇಲಿತ್ತು.”

“ಪಕ್ಕದಲ್ಲೇ ಇದ್ಯಲ್ಲೋ! ಒಂದು ಸಲಾನೂ ನನ್ನ ಕಡೆ ನೋಡ್ಲಿಲ್ವಾ?”

“ನೋಡ್ಬಾರ್ದು ಅಂತ ನಿಯಮ ಇದೆ,” ಎಂದ ಅವನು, ಕಾಫಿಯ ಲೋಟದೊಳಗೆ ನೋಡುತ್ತ. ಅವನ ಕಿವಿ ಯಾಕೋ ಕೆಂಪಾಗಿತ್ತು. ಬಿಸಿ ಕಾಫಿ ಇರಬೇಕು ಎಂದುಕೊಂಡೆ.

ಅಲ್ಲಿಗೆ ನನಗೆ ಖಾತ್ರಿಯಾಯಿತು. ಇದು ಗಾಜಿನ ಮೇಡಂಗೆ ನನ್ನ ಮೇಲಿರುವ ಹಗೆಯೇ ಸರಿ. ಬೇರೆ ದೇಶದವಳು, ಕಪ್ಪಗಿದ್ದಾಳೆ, ಹೇಳಿದರೂ ಕೇಳದೆ ಮೇಡಂ ಮೇಡಂ ಎನ್ನುತ್ತಾಳೆ, ಓಡಿಸಿಬಿಡೋಣ ಎಂದಿರಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ವಿಭಾಗದ ಮುಖ್ಯಸ್ಥರ ಮುಂದೆಯೇ ಇದನ್ನು ಇತ್ಯರ್ಥ ಮಾಡಿಸುತ್ತೇನೆ ಎಂದು ಸಮಯ ಗೊತ್ತುಮಾಡಿಕೊಂಡು, ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ. ಪುಸ್ತಕದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಗಟ್ಟಿಮಾಡಿಕೊಳ್ಳುತ್ತಿದ್ದೆ.

“ಕನ್ನಡದೋಳೇನಮ್ಮ?” ಎಂದು ಬೆಂಚಿನ ಇನ್ನೊಂದು ತುದಿಯಿಂದ ಧ್ವನಿ ಬಂತು. “ನೀನು ಯಾರಿಗೋ ಬೈಕೊಳ್ತಿದ್ದದ್ದು ಕೇಳಿಸ್ತು. ಬೈಗುಳ ಕೇಳಿ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರ್ಲಿಲ್ಲ ನೋಡು.”

ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡಿದ್ದ ವಯಸ್ಸಾದ ಹೆಂಗಸು. ಅವರ ಮಗಳು ಅಲ್ಲೇ ಪಾಠ ಮಾಡುತ್ತಿದ್ದಳಂತೆ. ಪಾಠ ಮುಗಿಯುವವರೆಗೆ ಅಲ್ಲಾಡದೆ ಇಲ್ಲೇ ಕೂತಿರು ಎಂದು ಹೇಳಿ ಹೋಗಿದ್ದಳಂತೆ. “ಚಿಕ್ಕೋಳಿದ್ದಾಗ ನಾನು ಇವಳನ್ನ ಹೀಗೇ ಕೂರಿಸ್ತಿದ್ದೆ. ಈಗ ಸೇಡು ತೀರಿಸ್ಕೊಳ್ತಿದಾಳೆ,” ಎಂದು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ಕನ್ನಡ ಆಡಿದೆ.

ಅವರು ನನ್ನ ಕಡೆ ಸರಿದು ಕೂರುವಾಗ ಅವರ ಕಾಲು ನನ್ನ ಚೀಲಕ್ಕೆ ತಾಗಿತು. ಮಗಳ ಮನೆಯ ಒಲೆಯಲ್ಲಿ ಬೆಂಕಿಯೇ ಕಾಣುವುದಿಲ್ಲ, ಅದು ಹೊತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಅವರು ಹೇಳುತ್ತಿದ್ದರು. ಮಾತು ನಿಲ್ಲಿಸಲೇ ಇಲ್ಲ. ಮಾತಿನ ನಡುವೆಯೇ ಬಗ್ಗಿ, ಬಲಗೈ ಬೆರಳಿನಿಂದ ಚೀಲವನ್ನು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಕೈಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡರು.

ನಾನು ಅವರ ಕೈಯನ್ನೇ ನೋಡಿದೆ.

“ಆಂಟಿ, ಈಗ ಏನು ಮಾಡಿದ್ರಿ?”

“ಏನು ಮಾಡ್ದೆ?”

“ಈಗ, ಕೈಯಿಂದ.”

“ನಾನಾ? ಏನೂ ಇಲ್ವಲ್ಲಮ್ಮ. ಸುಮ್ನೆ ಮಾತಾಡ್ತಾ ಕೂತಿದೀನಿ.”

“ಕಣ್ಣು ಮುಟ್ಕೊಂಡ್ರಿ.”

“ಇಲ್ಲಪ್ಪ,” ಎಂದರು ಅವರು, ನಾನು ಗಾಜಿನ ಮೇಡಂಗೆ ಹೇಳಿದ್ದಷ್ಟೇ ಖಡಾಖಂಡಿತವಾಗಿ. “ನನ್ನ ಕಣ್ಣು, ನನಗೆ ಗೊತ್ತಾಗಲ್ವಾ?”

ಏಣಿಯ ಕಾಲು. ಮೇಜಿನ ಕೆಳಗೆ ನನ್ನ ಕಡೆಗೆ ಚಾಚಿಕೊಂಡಿದ್ದ ಏಣಿಯ ಕಾಲು! ನನ್ನ ಕಾಲು ಅದಕ್ಕೆ ತಾಗಿದಾಗಲೆಲ್ಲ ಈ ನನ್ನ ಕೈ ಸಿರಿಂಜು ಕೆಳಗಿಟ್ಟು, ಅವನ ತೋಳು ಮುಟ್ಟಿ, ಬಂದು ನನ್ನ ಕನ್ನಡಕಕ್ಕೆ ಒತ್ತಿಕೊಂಡಿದೆ. ಪುಸ್ತಕಕ್ಕೆ, ಮನುಷ್ಯರಿಗೆ, ಅಪ್ಪನ ಅಂಗಡಿಯ ಔಷಧಿ ಪೆಟ್ಟಿಗೆಗೆ ಕಾಲು ತಾಗಿದಾಗ ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದೆ. ಮುಖ್ಯಸ್ಥರ ಬಾಗಿಲು ತೆರೆದು ಯಾರೋ ನನ್ನ ಹೆಸರು ಕೂಗಿದರು. ನಾನು ಚೀಲ ಎತ್ತಿಕೊಂಡು ಮೆಟ್ಟಿಲ ಕಡೆಗೆ ಓಡಿದೆ.

ಗಾಜಿನ ಮೇಡಂ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದರು. ನಾನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ.

“ಕಾಲು ತಾಗಿದ್ರೆ ಹಾಗೆ ಮಾಡ್ತೀವಿ ಮೇಡಂ.”

“ಯಾರಿಗೆ ತಾಗಿದ್ರೆ?”

“ಯಾರಿಗಾದ್ರೂ. ಪುಸ್ತಕಕ್ಕೂ.”

“ಪುಸ್ತಕಕ್ಕೆ ನೋವಾಗುತ್ತಾ?”

“ನೋವಲ್ಲ ಮೇಡಂ. ಅದು... ತಪ್ಪಾಯ್ತು ಅನ್ನೋ ಹಾಗೆ.”

“ತಪ್ಪಾಯ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಲಲ್ವಾ? ಕಣ್ಣಿಗೆ ಯಾಕೆ?”

ಯಾಕೆ? ನನಗೇನು ಗೊತ್ತು! ಯಾರೂ ಅದನ್ನು ಈವರೆಗೆ ಕೇಳಿಯೇ ಇರಲಿಲ್ಲ. ಮೇಡಂ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು, “ಅದು ನಿಮ್ಮ ಪ್ರಾರ್ಥನೆ ಇರ್ಬೇಕು ಅಂದ್ಕೊಂಡಿದ್ದೆ. ವಿದ್ಯಾರ್ಥಿಗಳ ನಂಬಿಕೆ ಬಗ್ಗೆ ನಾವು ಕೇಳೋದು ಸರಿಯಲ್ಲ. ಅದಕ್ಕೇ ಸುಮ್ಮನಿದ್ದೆ.” ಅವರ ಈ ಮರ್ಯಾದೆ ನನ್ನನ್ನು ಊರಿಗೆ ಕಳಿಸುವುದರಲ್ಲಿತ್ತು. ಅಷ್ಟು ದಿನ ಅವರನ್ನು ಮನಸ್ಸಿನಲ್ಲೇ ಜಾಲಾಡಿದ್ದಕ್ಕೆ ನಾಚಿಕೆಯೂ ಆಯಿತು. “ಕಾರಣ ಗೊತ್ತಾದದ್ದು ಒಳ್ಳೇದಾಯ್ತು. ಆದ್ರೆ ನಿಯಮ ಅದೇ,” ಎಂದು ಅವರು ಮಾತು ಮುಗಿಸಿದರು.

ಗೊತ್ತಾದ ಮೇಲೆ ಇನ್ನೇನು ಎಂದು ಹಗುರವಾಗಿ ಕೋಣೆಗೆ ಬಂದೆ. ದಪ್ಪನೆಯ ಒಂದು ಪಠ್ಯಪುಸ್ತಕವನ್ನು ನೆಲದ ಮೇಲಿಟ್ಟು, ಕೈಯನ್ನು ಬಿಗಿಯಾಗಿ ಇಳಿಬಿಟ್ಟು, ಕಾಲಿನಿಂದ ತಳ್ಳಿದೆ. ಕೈ ಕಣ್ಣಿನ ಹತ್ತಿರ ಇತ್ತು. ಛೀ ಎಂದುಕೊಂಡು ಮತ್ತೆ ಒದ್ದೆ. ಮತ್ತೆ ಕಣ್ಣಿನ ಹತ್ತಿರ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒದ್ದರೆ ತಲೆ ತಾನಾಗಿಯೇ ಬಗ್ಗಿತು. ಪುಸ್ತಕ ಮಂಚದ ಕೆಳಗೆ ಹೋಯಿತು, ಬಾಗಿಲ ಸಂದಿಗೆ ಹೋಯಿತು, ನಾನು ಅದರ ಹಿಂದೆ ಒದೆಯುತ್ತ, ತಪ್ಪಾಯ್ತು ಎನ್ನುತ್ತ ಕೋಣೆಯೆಲ್ಲ ಸುತ್ತಿದೆ. ಕೊನೆಗೆ ರಟ್ಟು ಕಿತ್ತು ಬಂದಾಗ ನೆಲದ ಮೇಲೆ ಕೂತು ಅತ್ತೆ. ಓದಲೆಂದು ಬಂದವಳು ಪುಸ್ತಕ ಒದೆಯುವುದನ್ನು ಅಭ್ಯಾಸ ಮಾಡುತ್ತಿದ್ದೆ. ಒದೆಯಲು ಬಾರದೆ ಅಳುತ್ತಿದ್ದೆನೋ, ಒದ್ದದ್ದಕ್ಕೆ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಅಮ್ಮನಿಗೆ ಫೋನು ಮಾಡಿದೆ.

“ಅದನ್ನ ಬಿಡಿಸೋದು ಹೇಗಮ್ಮ?”

“ನಾನು ಕಲಿಸಿದ್ರೆ ತಾನೇ ಬಿಡಿಸೋದು? ನೀನೇ ನೋಡಿ ಕಲಿತದ್ದು. ನಡೆಯೋಕೆ ಮುಂಚೆನೇ ಮಾಡ್ತಿದ್ದೆ. ಅಂಬೆಗಾಲಿಡುವಾಗ ಮೊಣಕಾಲು ತಾಗಿದ್ರೂ ಕಣ್ಣಿಗೊತ್ಕೊಳ್ತಿದ್ದೆ, ಎಲ್ಲರೂ ಬಿದ್ದು ಬಿದ್ದು ನಗ್ತಿದ್ವಿ.”

ಹಿಂದಿನಿಂದ ಅಪ್ಪನ ಧ್ವನಿ ಕೇಳಿಸಿತು. “ಔಷಧಿ ಜಾಗದಲ್ಲಿ ಕಾಲು ತಾಗಿಸಿ ಸುಮ್ಮನಿರು ಅಂತಾರಾ? ಅದೆಂಥ ಕಾಲೇಜೇ ಅದು?”

“ನೀವು ಸುಮ್ನಿರ್ರೀ,” ಎಂದು ಅವರನ್ನು ಗದರಿ ಅಮ್ಮ ನನಗೆ ಹೇಳಿದಳು, “ಕೈ ಯಾಕೆ ಕಟ್ಟಿ ಹಾಕ್ತೀಯಾ? ಅದೇನು ತಪ್ಪು ಮಾಡಿದೆ? ಕಾಲು ತಾಗದೆ ಇದ್ರಾಯ್ತಪ್ಪ. ಆ ಹುಡುಗನಿಗೆ ಕಾಲು ಮಡಚ್ಕೊಂಡು ಕೂರೋಕೆ ಹೇಳು.”

ಇಷ್ಟು ಸುಲಭದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಮಾರನೆಯ ದಿನ ಅಭ್ಯಾಸಕ್ಕೆ ಗೌನು ಹಾಕಿಕೊಳ್ಳುವಾಗಲೇ ಏಣಿಗೆ ಹೇಳಿದೆ. ವಿವರಿಸುವ ತಾಳ್ಮೆ ಇರಲಿಲ್ಲ. ಪುಸ್ತಕಕ್ಕೆ ನೋವಾಗುತ್ತಾ ಎಂದು ಇವನೂ ಕೇಳಿದರೆ ನಾನು ಎಲ್ಲಿಗೆ ಹೋಗಲಿ?

“ಇನ್ನು ಮೇಲೆ ನಿನ್ನ ಕಾಲು ನನ್ನ ಕಾಲಿಗೆ ತಾಗಬಾರ್ದು. ದೂರ ಇಟ್ಕೋ.”

ಅವನು ಗ್ಲೌಸು ಅರ್ಧ ಏರಿಸಿದವನು ಹಾಗೇ ನಿಂತುಬಿಟ್ಟ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. “ಸರಿ,” ಎಂದ. ಅಂದಿನಿಂದ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರುವುದನ್ನೂ ಬಿಟ್ಟ. ಎದುರಿಗೆ ಸಿಕ್ಕರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಕಾಲು ದೂರ ಇಡು ಎಂದರೆ ಮನುಷ್ಯನೇ ದೂರವಾದನಲ್ಲ, ಇದೆಂಥ ಕೋಪ ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಮೂರನೆಯ ಪರೀಕ್ಷೆ ಹತ್ತಿರ ಬಂದಿತ್ತು. ಊಟ ರುಚಿಸುತ್ತಿರಲಿಲ್ಲ. ಅಪ್ಪ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ, ಅದೇ ದೊಡ್ಡ ಹಿಂಸೆ. ಇವನ ಮುನಿಸನ್ನು ಬಿಡಿಸುತ್ತ ಕೂರಲು ನನಗೆಲ್ಲಿ ಪುರುಸೊತ್ತು?

ಪರೀಕ್ಷೆಯ ದಿನ ಕೈ ಒದ್ದೆಯಾಗಿ ಗ್ಲೌಸು ಏರಲಿಲ್ಲ. ಮತ್ತೆ ಒರೆಸಿ ಏರಿಸಿದೆ. ಗಾಜಿನ ಆಚೆ ಮೇಡಂ ಬಂದು ನಿಂತರು. ಕೂರುವ ಮೊದಲು ಮೇಜಿನ ಕೆಳಗೆ ಕಣ್ಣು ಹಾಯಿಸಿದೆ. ಏಣಿ ತನ್ನ ಎರಡೂ ಕಾಲುಗಳನ್ನು ಸ್ಟೂಲಿನ ಹಿಂದಕ್ಕೆ ಮಡಚಿ, ಪಾದಗಳನ್ನು ಒಂದಕ್ಕೊಂದು ಹೆಣೆದುಕೊಂಡು ಕೂತಿದ್ದ. ಅಷ್ಟು ಉದ್ದದ ಮನುಷ್ಯ ಅಷ್ಟೇ ಜಾಗದಲ್ಲಿ ಹೇಗೆ ಹಿಡಿಸಿದನೋ! ಕೆಲಸ ಮುಗಿಯುವವರೆಗೂ ಹಾಗೇ ಇದ್ದ. ಒಂದು ಸಲ ಅವನ ತೊಡೆ ನಡುಗಿದ್ದು ಕಂಡಿತು. ಕಾಲು ಮಾತ್ರ ಚಾಚಲಿಲ್ಲ. ನನ್ನ ಕೈಗೆ ಕ್ಷಮೆ ಕೇಳುವ ಕೆಲಸವೇ ಬೀಳಲಿಲ್ಲ. ಬಾಟಲಿ, ಸಿರಿಂಜು, ಚೀಲ, ಮತ್ತೆ ಬಾಟಲಿ. ಮುಗಿಸಿ ತಲೆಯೆತ್ತಿದಾಗ ಗಾಜಿನ ಆಚೆ ಮೇಡಂ ನಗುತ್ತಿದ್ದರು. ಅವರಿಗೂ ಹಲ್ಲಿದೆ ಎಂದು ಆವತ್ತೇ ಗೊತ್ತಾದದ್ದು.

“ಪಾಸು,” ಎಂದರು ಹೊರಗೆ ಬಂದಾಗ. “ಮುಖದ ಹತ್ರ ಕೈಯೇ ಹೋಗ್ಲಿಲ್ಲ. ನಿಮ್ಮ ದ್ರವ ಹೇಗೂ ಕದಡಲ್ಲ.”

ಅಪ್ಪನಿಗೆ ಫೋನು ಮಾಡಬೇಕಿತ್ತು. ಆದರೆ ಏಣಿ ಆಗಲೇ ಗೌನು ಕಳಚಿ, ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಕಾರಿಡಾರಿನ ತುದಿಗೆ ಹೋಗಿಬಿಟ್ಟಿದ್ದ. ಓಡಿಹೋಗಿ ಅಡ್ಡ ನಿಂತೆ.

“ಪಾಸಾದೆ ಕಣೋ! ಒಂದು ಮಾತೂ ಆಡದೆ ಹೋಗ್ತಿದೀಯಲ್ಲ?”

“ಸಂತೋಷ,” ಎಂದ ನೆಲ ನೋಡುತ್ತ. ಆಮೇಲೆ ಒಂದೇ ಉಸಿರಿಗೆ, “ನನ್ನನ್ನ ಕ್ಷಮಿಸು. ನಿನಗೆ ಗೊತ್ತಾಯ್ತು ಅಂತ ಗೊತ್ತು. ನಾನು ಮಾಡಿದ್ದು ತಪ್ಪು,” ಎಂದ.

“ಏನು ಗೊತ್ತಾಯ್ತು? ಯಾವ ತಪ್ಪು?”

“ಕಾಲು. ಮೊದಲ ದಿನ ಅದು ತಾನಾಗಿ ತಾಗಿದ್ದು, ಸತ್ಯವಾಗ್ಲೂ. ಆಮೇಲೆಲ್ಲ ನಾನೇ ಬೇಕಂತ ಇಡ್ತಿದ್ದೆ.”

ನನಗೆ ಕಿವಿಯನ್ನೇ ನಂಬಲಾಗಲಿಲ್ಲ. “ಬೇಕಂತ? ಯಾಕೆ?”

“ಕಾಲು ತಾಗಿದಾಗೆಲ್ಲ ನೀನು ನನ್ನ ತೋಳು ಮುಟ್ತಿದ್ದೆ. ಮೆತ್ತಗೆ, ಹೀಗೆ.” ತನ್ನ ಮೊಣಕೈಯ ಮೇಲೆ ತಾನೇ ಎರಡು ಬೆರಳಿಟ್ಟು ತೋರಿಸಿದ. “ನಮ್ಮನೇಲಿ ಎರಡೇ ರೂಮು, ತುಂಬ ಜನ. ಮಗ್ಗುಲು ಬದಲಿಸಿದ್ರೆ ಯಾರಾದ್ರೂ ಸಿಗ್ತಾರೆ. ಇಲ್ಲಿಗೆ ಬಂದ ಮೇಲೆ ನನ್ನನ್ನ ಯಾರೂ ಮುಟ್ಟೇ ಇಲ್ಲ. ಅಂಗಡಿಯಲ್ಲಿ ಚಿಲ್ಲರೆನೂ ತಟ್ಟೆಯಲ್ಲಿಡ್ತಾರೆ. ನೀನು ಯಾಕೆ ಮುಟ್ತೀಯಾ ಅಂತ ಗೊತ್ತಿರ್ಲಿಲ್ಲ. ಕೇಳಿದ್ರೆ ನಿಲ್ಲಿಸಿಬಿಡ್ತೀಯಾ ಅಂತ ಕೇಳ್ಲಿಲ್ಲ.”

ರಕ್ತ ನೆತ್ತಿಗೇರಿತು. “ತೋಳು ಮುಟ್ಟಿದ ಮೇಲೆ ಆ ಕೈ ಎಲ್ಲಿಗೆ ಹೋಗುತ್ತೆ ನೋಡಿದೀಯಾ? ಕಣ್ಣಿಗೆ! ಕಣ್ಣಿಗೆ ಹೋಗುತ್ತೆ! ನಾನು ಎರಡು ಸಲ ಫೇಲಾದದ್ದು ನಿನ್ನ ಕಾಲಿಂದ ಕಣೋ!”

ಅವನ ಮುಖ ಬಿಳಿಚಿಕೊಂಡಿತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತೋಳಿನವರೆಗೆ ಮಾತ್ರ ಗೊತ್ತಿದ್ದದ್ದು. “ನಿನ್ನನ್ನ ಮನೆಗೆ ಕಳಿಸಿಬಿಡ್ತಿದ್ರು,” ಎಂದ ಸಣ್ಣ ಧ್ವನಿಯಲ್ಲಿ. ಗೋಡೆಗೆ ಬೆನ್ನು ಕೊಟ್ಟು ಕುಸಿದವನ ಹಾಗೆ ನಿಂತ. ಕಣ್ಣು ತುಂಬಿಕೊಂಡಿತ್ತು.

ಬೈಯಬೇಕು ಎಂದು ಬಾಯಿ ತೆರೆದೆ. ಅಷ್ಟು ದಿನದ ಸಂಕಟ, ಕಿತ್ತ ರಟ್ಟು, ಅಪ್ಪನ ಮೌನ, ಎಲ್ಲವೂ ಗಂಟಲಿಗೆ ಬಂದಿತ್ತು. ಆದರೆ ನೆನಪಾದದ್ದು ಬೇರೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅಮ್ಮ ನನ್ನ ಕೆನ್ನೆ ಸವರಿದ್ದಳು. ಅದೇ ಕೊನೆ. ಆಮೇಲೆ ನನ್ನನ್ನೂ ಯಾರೂ ಮುಟ್ಟಿರಲಿಲ್ಲ. ಆ ದೇಶದಲ್ಲಿ ನಾನು ಮುಟ್ಟಿದ್ದ ಒಬ್ಬನೇ ಮನುಷ್ಯ ಇವನು, ಅದೂ ನನಗೇ ಗೊತ್ತಿಲ್ಲದೆ, ಗ್ಲೌಸಿನ ಒಳಗಿಂದ. ನನಗೆ ತುಂಬ ದುಃಖವಾಯಿತು. ಇವನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಏನು ಮಾಡಬೇಕೆಂದೂ ತಿಳಿಯಲಿಲ್ಲ. ಸಮಾಧಾನ ಹೇಳಲು ಅವರ ಭಾಷೆ ಸಾಲದು, ನನ್ನದು ಅವನಿಗೆ ಬಾರದು. ಕೈ ಹಿಡಿಯೋಣವೆಂದರೆ ನಾನು ಬೆಳೆದ ಮನೆಯಲ್ಲಿ ಹುಡುಗನೊಬ್ಬನ ಕೈಯನ್ನು ಸುಮ್ಮಸುಮ್ಮನೆ ಹಿಡಿಯುವಂತಿಲ್ಲ. ಅವನು ಅಣ್ಣನಾಗಿರಬೇಕು, ತಮ್ಮನಾಗಿರಬೇಕು, ಗಂಡನಾಗಿರಬೇಕು. ಇವನು ಯಾವುದೂ ಅಲ್ಲ. ಮುಟ್ಟಲು ಒಂದು ಕಾರಣವಾದರೂ ಬೇಕಲ್ಲ.

ಹತ್ತಿರ ಹೋಗಿ, ಆ ದೊಡ್ಡ ಬೂಟಿನ ಮೇಲೆ ನನ್ನ ಕಾಲಿಟ್ಟು, ಬೇಕೆಂದೇ, ಇದ್ದ ಸಿಟ್ಟನ್ನೆಲ್ಲ ಹಾಕಿ ತುಳಿದೆ.

“ಆ!” ಎಂದ ಅವನು.

ಆಮೇಲೆ ಬರಿಗೈಯಿಂದ ಅವನ ತೋಳು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಈ ಸಲ ಗೊತ್ತಿದ್ದೇ ಮಾಡಿದೆ. ನಿಧಾನವಾಗಿ ಮಾಡಿದೆ. ಅವನು ನನ್ನ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೊನೆಯವರೆಗೂ ನೋಡಿದ. ಮೂಗು ಒರೆಸಿಕೊಂಡ. ಆಮೇಲೆ ಇನ್ನೊಂದು ಕಾಲನ್ನೂ ಮುಂದಿಟ್ಟ.